ಕ್ಯಾಮೆರಾ ಹಿಡಿದ ಅಕ್ಕಂದಿರು... ಕಲಿಯಲು ತಯಾರೇ ತಮ್ಮಂದಿರೇ?

ಯಲಹಂಕ ಬಸ್ ಸ್ಟಾಂಡಿನಲ್ಲಿ ನಿಂತು ಈ ಪುಟ ತಿರುವುತ್ತಿದ್ದೀರಾ? ಜೇಬಿನ ಮೊಬೈಲಿನಲ್ಲಿ ಕ್ಯಾಮೆರಾ ಇದೆ, ಮನಸ್ಸಿನಲ್ಲಿ ಛಾಯಾಗ್ರಾಹಕನಾಗುವ ಕನಸಿದೆ. ಸರಿ, ಗುರು ಯಾರು? ಗುರು ಹೆಂಗಸಾದರೆ ಅವರ ಲೆನ್ಸ್ ಪೆಟ್ಟಿಗೆ ಹೊರ್ತೀರಾ? ನಗಬೇಡಿ, ಉತ್ತರ ಹೇಳಿ!

ಇಲ್ಲಿಂದ ಹೆಸರಘಟ್ಟದ ಕಡೆ ಹೋದರೆ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಸಿಗುತ್ತದೆ. ಅದರ ಬೇರು ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿದೆ. 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಬೆಳಕಿನಲ್ಲೇ ಕವಿತೆ ಬರೆದ ವಿ.ಕೆ. ಮೂರ್ತಿ 1946ರಲ್ಲಿ ಡಿಪ್ಲೊಮಾ ಪಡೆದದ್ದು ಅಲ್ಲೇ. ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ದೊಡ್ಡ ಹೆಸರುಗಳು, ಒಪ್ಪೋಣ. ಆದರೆ ಗುರುಗಳೆಲ್ಲ ಗಂಡಸರೇ ಅಂದುಕೊಂಡರೆ ತಪ್ಪು!

ಪಂತುಲು ಅವರ ಮಗಳು

'ಸ್ಕೂಲ್ ಮಾಸ್ಟರ್' (1958), 'ಶ್ರೀ ಕೃಷ್ಣದೇವರಾಯ' (1970) ಕೊಟ್ಟ ನಮ್ಮ ಬಿ.ಆರ್. ಪಂತುಲು 1974ರಲ್ಲಿ ತೀರಿಕೊಂಡರು. ಮಗಳು ವಿಜಯಲಕ್ಷ್ಮಿ ಹಿಡಿದದ್ದು ಕ್ಯಾಮೆರಾ. ಛಾಯಾಗ್ರಾಹಕ ಅಶೋಕ್ ಕುಮಾರ್ ಅವರ ಬಳಿ ಸಹಾಯಕಿಯಾಗಿ 'ನೆಂಜತ್ತೈ ಕಿಳ್ಳಾದೆ' (1980) ಚಿತ್ರಕ್ಕೆ ದುಡಿದರು. 'ಚಿನ್ನ ವೀಡು' (1985) ಚಿತ್ರದಿಂದ ಸ್ವತಂತ್ರ ಛಾಯಾಗ್ರಾಹಕಿ. ಏಷ್ಯಾದ ಮೊದಲ ಮಹಿಳಾ ಛಾಯಾಗ್ರಾಹಕಿ ಎಂಬ ಹೆಸರು ಬಂತು. ದೊಡ್ಡ ನಿರ್ದೇಶಕರ ಮಗಳೇ ಸಹಾಯಕಿಯಾಗಿ ನಿಂತು ಕಲಿತರು, ಗುರೂ! ನಿಮ್ಮ ಅವಸರ ಎಷ್ಟರದು?

ಒಂದೇ ಫಿಲ್ಮು, ಒಂದೇ ಅವಕಾಶ

ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ (1913–2012). ಶುರುವಿನಲ್ಲಿ ಅವರು ತೆಗೆದ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ! ದುಡಿಮೆ ಇವರದು, ಹೆಸರು ಅವರದು. ಮುಂದೆ ಸೀರೆಯುಟ್ಟು, ಭಾರದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೊತ್ತು, 1947ರ ದೆಹಲಿಯನ್ನು ಸೆರೆಹಿಡಿದರು. ಆ ಕ್ಯಾಮೆರಾದಲ್ಲಿ ಒಂದು ಹಾಳೆ ಫಿಲ್ಮಿಗೆ ಒಂದೇ ಚಿತ್ರ. ಕಾಯಬೇಕು, ನೋಡಬೇಕು, ಆಮೇಲೆ ಒತ್ತಬೇಕು.

ಹೊಸ ಛಾಯಾಗ್ರಾಹಕರ ನಡವಳಿಕೆ ಹಿಡಿಸದೆ 1970ರಲ್ಲಿ ಅವರು ಕ್ಯಾಮೆರಾ ಕೆಳಗಿಟ್ಟರು. 2011ರಲ್ಲಿ ಪದ್ಮವಿಭೂಷಣ ಬಂತು. ಶೂಟಿಂಗ್ ನೋಡಲು ಹೋಗಿ ನಾಯಕಿಯ ಚಿತ್ರ ಕದ್ದು ತೆಗೆಯುವ ಮಿತ್ರರೇ, ಈ ಮಾತು ನಿಮಗೇ! ಕೇಳಿ ತೆಗೆದರೆ ಚಿತ್ರ, ಕದ್ದು ತೆಗೆದರೆ ಕಳ್ಳತನ.

ನಮ್ಮೂರಿನ ಜೋಡಿ

ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ರಿಂದ 2004ರವರೆಗೆ ಒಂದು ಮಜವಾದ ಕೆಲಸ ಮಾಡಿದರು. ರವಿವರ್ಮನ ಚಿತ್ರ, ಸಿನಿಮಾ ಸ್ಟಿಲ್ಲು, ಇವನ್ನೆಲ್ಲ ಪರದೆ, ಉಡುಪು, ಬೆಳಕು ಸಮೇತ ಮತ್ತೆ ಕಟ್ಟಿ, ಪುಷ್ಪಮಾಲಾ ತಾವೇ ವೇಷ ಹಾಕಿ ನಿಂತರು. ಹಳೆಯ ಚಿತ್ರವನ್ನು ಮತ್ತೆ ಕಟ್ಟಬೇಕಾದರೆ ಮೊದಲು ಅದನ್ನು ಬಿಚ್ಚಿ ನೋಡಬೇಕು, ಅಲ್ಲವೇ?

ಇದನ್ನು ನೀವೂ ಮಾಡಬಹುದು, ಖರ್ಚಿಲ್ಲ! ನಿಮ್ಮ ಮೆಚ್ಚಿನ ಸ್ಟಿಲ್ ಒಂದನ್ನು ಆರಿಸಿ. ಬೆಳಕು ಯಾವ ಕಡೆಯಿಂದ ಬಿದ್ದಿದೆ? ಮೂಗಿನ ನೆರಳು ನೋಡಿ, ಅದೇ ಹೇಳುತ್ತೆ. ಗೆಳೆಯನನ್ನು ಕಿಟಕಿ ಪಕ್ಕ ನಿಲ್ಲಿಸಿ, ಅದೇ ನೆರಳು ಬರೋವರೆಗೂ ಮುಖ ತಿರುಗಿಸಿ. ಒಂದೇ ಒಂದು ಸಲ ಒತ್ತಿ.

ಚೆನ್ನಾಗಿ ಬಂತಾ? ಹಾಗಾದರೆ ಗುರು ಸಿಕ್ಕಾಗ ಪೆಟ್ಟಿಗೆ ಹೊರಲು ನಾಚಬೇಡಿ. ಕ್ಯಾಮೆರಾಕ್ಕೆ ಗಂಡು ಹೆಣ್ಣು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೆಳಕು ಮಾತ್ರ!