ದಡ ಬಿಡುವ ಮೊದಲಿನ ಮಾತು

ತದಡಿಯಿಂದ ಅಘನಾಶಿನಿಗೆ ತಾರಿ ದಾಟಲು ಹೆಚ್ಚು ಹೊತ್ತು ಬೇಡ. ಈಚೆ ದಡದಲ್ಲಿ ಮೀನುಗಾರಿಕೆ ಬಂದರು, ಆಚೆ ದಡದಲ್ಲಿ ತೆಂಗಿನ ಸಾಲು, ಎಡಕ್ಕೋ ಬಲಕ್ಕೋ ತಿರುಗಿದರೆ ಅಳಿವೆ, ಅದರಾಚೆ ಕಡಲು. ಇಳಿತದ ಹೊತ್ತಾದರೆ ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಆರಿಸುವವರು ಕಾಣುತ್ತಾರೆ. ಈಗ ಬೈಕು, ಸ್ಕೂಟರು ಹೇರಿಕೊಂಡು ದಾಟುವ ಕಾಲ. ನಾನು ಚಿಕ್ಕವನಿದ್ದಾಗ ಮರದ ದೋಣಿ, ಬಿದಿರ ಗಳ, ಹುಟ್ಟು. ಅಜ್ಜಿಯ ಮನೆಗೆ ಹೋಗಬೇಕೆಂದರೆ ಅದೇ ದಾರಿ.

ಆ ದೋಣಿಯ ಒಂದು ಕ್ಷಣ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲರೂ ಹತ್ತಿಯಾದ ಮೇಲೆ, ಗಳ ಊರಿ ದೋಣಿಯನ್ನು ದೂಡುವ ಮೊದಲು, ತಾರಿಯವನು ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸುತ್ತಿದ್ದ. ಆಮೇಲೆ ಹೇಳುತ್ತಿದ್ದ: “ಬುಟ್ಟಿ ಕೆಳಗಿಡಿ. ಮಕ್ಕಳು ನಡುವೆ ಬನ್ನಿ. ದಡಕ್ಕೆ ತಾಗೂವರಿಗೆ ಯಾರೂ ಏಳೂಕಿಲ್ಲ.” ಅಷ್ಟೇ. ದಿನಕ್ಕೆ ಇಪ್ಪತ್ತು ಸಲ ದಾಟಿದರೆ ಇಪ್ಪತ್ತು ಸಲವೂ ಹೇಳುತ್ತಿದ್ದ. ದಿನವೂ ದಾಟುವ ಮೀನು ಮಾರುವ ಹೆಂಗಸರು, ಮೇಷ್ಟ್ರು, ಗೋಕರ್ಣಕ್ಕೆ ಹೊರಟ ಭಟ್ಟರು, ಎಲ್ಲರೂ ಆ ಮಾತು ಮುಗಿಯುವ ತನಕ ಬಾಯಿ ಮುಚ್ಚಿ ಕೂರುತ್ತಿದ್ದರು. ನಮಗೆ ಗೊತ್ತಿದೆ ಬಿಡು ಎಂದು ಅಂದವರನ್ನು ನಾನು ಕಂಡಿಲ್ಲ.

ಇದೆಲ್ಲ ನೆನಪಿಗೆ ಬಂದದ್ದು ವಿಮಾನದಲ್ಲಿ. ಕೆಲವು ವರ್ಷಗಳ ಹಿಂದೆ ಅತ್ತೆಯನ್ನು ಮಂಗಳೂರಿನಿಂದ ದುಬೈಗೆ ಕರೆದುಕೊಂಡು ಹೋಗುತ್ತಿದ್ದೆ. ಅವಳ ಮಗನ ಸಂಸಾರ ಅಲ್ಲಿತ್ತು. ಅತ್ತೆಗೆ ಅದು ಮೊದಲ ವಿಮಾನ ಪ್ರಯಾಣ. ಬಾಗಿಲು ಹಾಕಿದ ಮೇಲೆ ಗಗನಸಖಿಯೊಬ್ಬಳು ನಡುದಾರಿಯಲ್ಲಿ ನಿಂತು ಬೆಲ್ಟು ತೋರಿಸಿದಳು, ಹಳದಿ ಮಾಸ್ಕು ತೋರಿಸಿದಳು, ಲೈಫ್ ಜಾಕೆಟ್ ಕೊರಳಿಗೆ ಹಾಕಿಕೊಂಡಳು. ಧ್ವನಿವರ್ಧಕದಲ್ಲಿ ಹಿಂದಿ, ಇಂಗ್ಲಿಷು. ಅತ್ತೆಗೆ ಎರಡೂ ಬಾರದು. ಸುತ್ತಲಿನವರು ಫೋನಿನಲ್ಲಿ ಕೊನೆಯ ಮಾತು ಮುಗಿಸುತ್ತಿದ್ದರು. ನಮ್ಮ ಮುಂದಿನ ಸಾಲಿನವನು ಆಗಲೇ ಕಣ್ಣು ಮುಚ್ಚಿದ್ದ. ನಾನೂ ಕಿಟಕಿಯ ಹೊರಗೆ ನೋಡುತ್ತಿದ್ದೆ. ಅತ್ತೆ ಮಾತ್ರ ಕೈಯನ್ನು ತೊಡೆಯ ಮೇಲಿಟ್ಟು, ಕತ್ತು ಎತ್ತಿ, ಆ ಹುಡುಗಿಯನ್ನು ನೋಡುತ್ತ ಕೂತಿದ್ದಳು. ಎಲ್ಲ ಮುಗಿದ ಮೇಲೆ ಬಗ್ಗಿ ಸೀಟಿನ ಕೆಳಗೆ ಕೈಹಾಕಿದಳು. ಜಾಕೆಟಿನ ಚೀಲ ಬೆರಳಿಗೆ ತಾಗಿತು. ಸಮಾಧಾನವಾಯಿತು. ಆಮೇಲೆ ಕೇಳಿದಳು: “ತಮಾ, ಆ ಪೀಪಿ ಎಂತಕ್ಕೆ?”

ಜಾಕೆಟಿನ ಹೆಗಲಿಗೆ ಕಟ್ಟಿದ ಪುಟ್ಟ ಸೀಟಿಯನ್ನು ಅವಳು ಗಮನಿಸಿದ್ದಳು. ಎಷ್ಟೋ ಸಲ ವಿಮಾನ ಹತ್ತಿಳಿದ ನನಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಬಂದ ಮೇಲೆ ಆ ಪೀಪಿಯ ಜಾಡು ಹಿಡಿದು ಓದುತ್ತ ಹೋದೆ. ವಿಮಾನದ ಆ ಮೂರು ನಿಮಿಷದ ಮಾತು ಹುಟ್ಟಿದ್ದು ನೀರಿನ ಮೇಲೆ ಎಂದು ತಿಳಿದದ್ದು ಆಗ.

ಜೀವರಕ್ಷಕ ಜಾಕೆಟಿನ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು ಹೆನ್ರಿ ಫ್ರೀಮನ್. ಇಂಗ್ಲೆಂಡಿನ ವಿಟ್ಬಿ ಎಂಬ ಮೀನುಗಾರರ ಊರಿನಲ್ಲಿದ್ದವನು. ಆ ದೇಶದ ಜೀವರಕ್ಷಕ ದೋಣಿಗಳ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ 1854ರಲ್ಲಿ ಬೆಂಡಿನ ತುಂಡುಗಳನ್ನು ಬಟ್ಟೆಗೆ ಹೊಲಿಸಿ ಒಂದು ಅಂಗಿ ಮಾಡಿಸಿದ್ದರು. ಎದೆ ಬೆನ್ನು ಎರಡಕ್ಕೂ ಬೆಂಡು. ತೊಟ್ಟರೆ ಗಟ್ಟಿ, ದಪ್ಪ. 1861ರ ಫೆಬ್ರವರಿ 9ರಂದು ಬಿರುಗಾಳಿಗೆ ಸಿಕ್ಕಿ ಹಡಗಿನ ಮೇಲೆ ಹಡಗು ವಿಟ್ಬಿಯ ದಡಕ್ಕೆ ಬಂದು ಬಡಿಯಿತು. ಅಲ್ಲಿನ 13 ಜನ ಮತ್ತೆ ಮತ್ತೆ ದೋಣಿ ಇಳಿಸಿ ಜನರನ್ನು ಎಳೆದು ತಂದರು. ಕೊನೆಗೊಮ್ಮೆ ಅವರ ದೋಣಿಯೇ ಮಗುಚಿತು. ದಡದಲ್ಲಿ ನಿಂತ ಊರವರ ಕಣ್ಣೆದುರಿಗೇ 12 ಜನ ಮುಳುಗಿದರು. ಬದುಕಿದವನು ಫ್ರೀಮನ್ ಒಬ್ಬನೇ. ಹೊಸ ಬೆಂಡಿನ ಅಂಗಿ ತೊಟ್ಟಿದ್ದವನೂ ಅವನೊಬ್ಬನೇ.

ಆ ಹನ್ನೆರಡು ಜನ ಕಡಲನ್ನು ಅರಿಯದವರಾಗಿರಲಿಲ್ಲ. ಅನುಭವವಿದ್ದವರೇ ಮುಳುಗಿದರು. ನನಗೆ ಗೊತ್ತಿದೆ ಎಂಬ ನೆಚ್ಚಿಕೆ ಕಡಲಿನಲ್ಲಿ ಎಷ್ಟು ದೂರ ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಸಿಕ್ಕಿಲ್ಲ. ಪೀಪಿಯ ಕೆಲಸವೂ ಇಂಥ ನೀರಿನದೇ. ಕತ್ತಲಲ್ಲಿ ತೇಲುವವನ ಗಂಟಲು ಬೇಗ ಸೋಲುತ್ತದೆ. ಅಲೆಯ ಸದ್ದಿನಲ್ಲಿ ಕೂಗು ಕರಗುತ್ತದೆ. ಸೀಟಿಯ ಸಣ್ಣ ದನಿ ಅದನ್ನು ಸೀಳಿಕೊಂಡು ಹೋಗುತ್ತದೆ, ಅದಕ್ಕೆ ಬೇಕಾದ ಉಸಿರೂ ಕಡಿಮೆ.

1912ರಲ್ಲಿ ಟೈಟಾನಿಕ್ ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 2,200 ಜನ, ದೋಣಿಗಳಲ್ಲಿ ಜಾಗವಿದ್ದದ್ದು 1,178 ಜನಕ್ಕೆ. 1914ರಲ್ಲಿ ಹಲವು ದೇಶಗಳು ಸೇರಿ ಕಡಲಿನ ಸುರಕ್ಷತೆಗೆ ಒಂದು ಒಪ್ಪಂದ ಬರೆದುಕೊಂಡವು. ದೋಣಿ ಎಷ್ಟಿರಬೇಕು, ಅಭ್ಯಾಸ ಹೇಗೆ ಮಾಡಿಸಬೇಕು ಎಂಬುದು ಅದರಲ್ಲಿ ಬರಹಕ್ಕೆ ಇಳಿಯಿತು.

ಆ ಕಾಲಕ್ಕೆ ನಮ್ಮ ಕರಾವಳಿಗೂ ಸ್ಟೀಮರು ಬರುತ್ತಿತ್ತು. ಘಟ್ಟದ ಮೇಲಿನ ಹತ್ತಿ ಕುಮಟಾಕ್ಕೆ ಇಳಿದು ಮುಂಬಯಿಗೆ ಹಡಗು ಹತ್ತುತ್ತಿದ್ದುದರಿಂದ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಸ್ಟೀಮರು ದೂರದಲ್ಲಿ ಲಂಗರು ಹಾಕಿದರೆ ಜನ ಮಚವೆ ಹತ್ತಿ ಅಲ್ಲಿಗೆ ಹೋಗಬೇಕು. ಮಚವೆಯಿಂದ ಏಣಿಗೆ ಕಾಲಿಡುವ ಆ ಗಳಿಗೆಯಲ್ಲಿ ಮಚವೆಯವನ ಮಾತೇ ಕಾನೂನು ಎಂದು ಅಜ್ಜ ಹೇಳುತ್ತಿದ್ದರು.

ಮಾತು ಮೀರಿದರೆ ಏನಾಗುತ್ತದೆ ಎಂಬುದನ್ನು ಇದೇ ಅರಬ್ಬಿ ಸಮುದ್ರ ತೋರಿಸಿಕೊಟ್ಟಿದೆ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ ರಾಮದಾಸ್ ಎಂಬ ಸ್ಟೀಮರು ಮಳೆಗಾಳಿಗೆ ಸಿಕ್ಕಿತು. ಅಲೆ ಬಡಿದಾಗ ಹೆದರಿದ ಜನ ಒಂದೇ ಮಗ್ಗುಲಿಗೆ ನುಗ್ಗಿದರು. ಹಡಗು ವಾಲಿ ಮಗುಚಿತು. 600ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ, ನಮ್ಮದೇ ಜಿಲ್ಲೆಯಲ್ಲಿ, 2019ರ ಜನವರಿ 21ರಂದು, ಕಾರವಾರದ ಹತ್ತಿರ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮುಳುಗಿ 16 ಜನ ಹೋದರು. ಅಂದು ಹುಣ್ಣಿಮೆ. ಆ ಸುದ್ದಿ ಬಂದ ಸಂಜೆ ತದಡಿಯ ದಕ್ಕೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ನೀರಿನ ಈ ಮಾತು ಆಕಾಶಕ್ಕೆ ಏರಿದ್ದು ಎರಡನೇ ಮಹಾಯುದ್ಧದ ಕೊನೆಯಲ್ಲಿ. 1944ರಲ್ಲಿ ಶಿಕಾಗೋದಲ್ಲಿ ನಾಗರಿಕ ವಿಮಾನಯಾನದ ಒಪ್ಪಂದವಾಯಿತು. ಬೆಲ್ಟು, ತುರ್ತು ಬಾಗಿಲು, ಜಾಕೆಟ್, ಆಮ್ಲಜನಕ ಎಲ್ಲಿವೆ, ಹೇಗೆ ಬಳಸಬೇಕು ಎಂಬುದನ್ನು ಪ್ರಯಾಣಿಕರಿಗೆ ತಿಳಿಸಿಯೇ ಹಾರಬೇಕು ಎಂಬ ನಿಯಮ ಅದರ ನೆರಳಲ್ಲಿ ಬೆಳೆಯಿತು. ಆ ಮಾತಿನ ಅನೇಕ ವಾಕ್ಯಗಳ ಹಿಂದೆ ಸತ್ತವರಿದ್ದಾರೆ.

“ವಿಮಾನದೊಳಗೆ ಜಾಕೆಟಿಗೆ ಗಾಳಿ ತುಂಬಬೇಡಿ” ಎನ್ನುತ್ತಾರಲ್ಲ, ಅದಕ್ಕೆ 1996ರ ನವೆಂಬರ್ 23ನ್ನು ನೆನೆಯಬೇಕು. ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನವೊಂದು ಇಂಧನ ಮುಗಿದು ಕೊಮೊರೋಸ್ ದ್ವೀಪದ ಬಳಿ ಕಡಲಿಗಿಳಿಯಿತು. 175 ಜನರಲ್ಲಿ ಉಳಿದವರು 50. ನೀರಿಗೆ ಬೀಳುವ ಮೊದಲೇ ಹಲವರು ಜಾಕೆಟ್ ಉಬ್ಬಿಸಿಕೊಂಡಿದ್ದರು. ನೀರು ಒಳನುಗ್ಗಿದಾಗ ಅದೇ ಜಾಕೆಟ್ ಅವರನ್ನು ಮಾಡಿಗೆ ಒತ್ತಿ ಹಿಡಿಯಿತು. ಮುಳುಗಿ ಬಾಗಿಲಿನತ್ತ ಹೋಗಲು ಆಗಲಿಲ್ಲ. ಕಾಯಬೇಕಾದದ್ದೇ ಕೊಂದಿತು, ಒಂದು ವಾಕ್ಯ ಕಿವಿಗೆ ಬೀಳದ ಕಾರಣಕ್ಕೆ.

ನೆಲದಲ್ಲಿ ಬೆಳಗುವ ದೀಪದ ಸಾಲು ಏಕೆ ಬೇಕು ಎಂಬುದನ್ನು 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್ ತೋರಿಸಿತು. ಹಾರುವ ಮೊದಲೇ ವಿಮಾನಕ್ಕೆ ಬೆಂಕಿ ಬಿತ್ತು. 137 ಜನರಲ್ಲಿ 55 ಜನ ಸತ್ತರು, ಬಹುಪಾಲು ಹೊಗೆಗೆ. “ಮೊದಲು ನಿಮ್ಮ ಮಾಸ್ಕು, ಆಮೇಲೆ ಮಗುವಿನದು” ಎಂಬ ಮಾತು ತಾಯಂದಿರಿಗೆ ಕಠೋರವಾಗಿ ಕೇಳಿಸುತ್ತದೆ. 35,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಹೋದರೆ ಬುದ್ಧಿ ನೆಟ್ಟಗಿರುವುದು ಅರ್ಧದಿಂದ ಒಂದು ನಿಮಿಷ. ತಾಯಿ ಎಚ್ಚರ ತಪ್ಪಿದರೆ ಮಗುವಿಗೆ ಮಾಸ್ಕು ಹಾಕುವವರಾರು?

2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನೂ ಉಳಿಸಿದ ಪೈಲಟನ ಹೆಸರು ಲೋಕಕ್ಕೆಲ್ಲ ಗೊತ್ತು. ತನಿಖೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಅಷ್ಟು ಪ್ರಚಾರ ಪಡೆಯಲಿಲ್ಲ. ಹೆಚ್ಚಿನ ಪ್ರಯಾಣಿಕರು ಹೊರಡುವ ಮುಂಚಿನ ಪ್ರಾತ್ಯಕ್ಷಿಕೆಯನ್ನು ನೋಡಿಯೇ ಇರಲಿಲ್ಲ. ಜಾಕೆಟ್ ಕೈಗೆ ಸಿಕ್ಕವರಲ್ಲೂ ಅದನ್ನು ಸರಿಯಾಗಿ ತೊಟ್ಟವರು ಬೆರಳೆಣಿಕೆಯಷ್ಟು. ಸುತ್ತ ದೋಣಿಗಳಿದ್ದವು, ಹಗಲಿತ್ತು, ಬದುಕಿದರು.

ಈಗ ಮಂಗಳೂರಿನ ಬಜ್ಪೆಗೆ ಬರುತ್ತೇನೆ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದು ಆರಂಭವಾದ ನಿಲ್ದಾಣ. ಗುಡ್ಡದ ನೆತ್ತಿಯ ಮೇಲೆ ಮೇಜಿಟ್ಟ ಹಾಗೆ ರನ್‌ವೇ, ತುದಿಯಾಚೆ ಕಮರಿ. 1981ರ ಆಗಸ್ಟ್ 19ರಂದು, ಮಳೆಯಲ್ಲಿ, ಆವ್ರೋ ವಿಮಾನವೊಂದು ಹಳೆಯ ರನ್‌ವೇ ದಾಟಿ ಅಂಚಿನಾಚೆ ನಿಂತಿತು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯ್ಲಿ ಅದರಲ್ಲಿದ್ದರು. ಯಾರೂ ಸಾಯಲಿಲ್ಲ. ಬಲುಬೇಗ ಮರೆತೆವು.

2010ರ ಮೇ 22ರ ಬೆಳಗ್ಗೆ ಆರು ದಾಟಿತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಜನ. ಕರಾವಳಿಯವರು, ಕಾಸರಗೋಡಿನವರು, ರಜೆಗೆ ಬರುವವರು, ಮದುವೆಗೆ ಬರುವವರು. ತನಿಖಾ ವರದಿಯ ಪ್ರಕಾರ ಕ್ಯಾಪ್ಟನ್ ಪ್ರಯಾಣದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು, ಇಳಿಯುವ ಹೊತ್ತಿಗೆ ಎದ್ದರು. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಸಹ ಪೈಲಟ್ “ಗೋ ಅರೌಂಡ್” ಎಂದರು. ಇಳಿಸಬೇಡಿ, ಮತ್ತೆ ಮೇಲೇರಿಸಿ ಎಂದು ಅರ್ಥ. ಒಂದು ಸಲವಲ್ಲ, ಮೂರು ಸಲ. ಯಂತ್ರವೂ ಎಚ್ಚರಿಸುತ್ತಿತ್ತು. 8,000 ಅಡಿ ಚಿಲ್ಲರೆ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಗಾಲಿ ನೆಲ ಮುಟ್ಟಿತು. ಬ್ರೇಕು ಹಿಡಿದು, ಮತ್ತೆ ಮೇಲೇರಿಸಲು ನೋಡಿ, ಕಡೆಗೆ ವಿಮಾನ ಬೇಲಿ ಮುರಿದು ಕಮರಿಗೆ ಬಿತ್ತು, ಹೊತ್ತಿ ಉರಿಯಿತು. 158 ಜನ ಸತ್ತರು. ಮೈ ಒಡೆದ ವಿಮಾನದ ಬಿರುಕಿನಿಂದ ಹೊರಬಿದ್ದು ಉಳಿದವರು 8 ಜನ.

ಅಂದು ಪ್ರಯಾಣಿಕರದೇನೂ ತಪ್ಪಿರಲಿಲ್ಲ. ಈ ದುರಂತವನ್ನು ಇಲ್ಲಿ ತಂದದ್ದು ಆ ಮೂರು ಸಲದ ಮಾತಿಗಾಗಿ. ಹೇಳಬೇಕಾದವನು ಹೇಳಿದ. ಕೇಳಬೇಕಾದವರಿಗೆ ಅದು ತಲುಪಲಿಲ್ಲ. ಕಾಕ್‌ಪಿಟ್ಟಿನಲ್ಲಿ ಕಿವಿಗೊಡುವುದು ಎಷ್ಟು ದೊಡ್ಡ ಕರ್ತವ್ಯವೋ ಹಿಂದಿನ ಸೀಟಿನಲ್ಲೂ ಅಷ್ಟೇ ದೊಡ್ಡದು ಎಂದು ನನಗೆ ಅನ್ನಿಸಿದ್ದು ಆ ವರದಿಯ ಸಂಗತಿಗಳನ್ನು ಓದಿದ ದಿನ.

ಏಕೆಂದರೆ ವಿಮಾನದ ಲೆಕ್ಕ ದೋಣಿಯ ಲೆಕ್ಕವೇ. ಒಬ್ಬ ಎದ್ದು ನಿಂತರೆ ಎಲ್ಲರೂ ವಾಲುತ್ತಾರೆ. ಹೊಸ ಮಾದರಿಯ ವಿಮಾನಕ್ಕೆ ಅನುಮತಿ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳಿಂದ ಎಲ್ಲರನ್ನೂ 90 ಸೆಕೆಂಡಿನಲ್ಲಿ ಇಳಿಸಿ ತೋರಿಸಬೇಕು. 1967ರಿಂದ ಅಮೆರಿಕದಲ್ಲಿ ಬಂದ ಲೆಕ್ಕ ಇದು. ಆ ಲೆಕ್ಕದಲ್ಲಿ ಮೇಲಿನ ಕಪಾಟು ತೆರೆದು ಬ್ಯಾಗು ಇಳಿಸುವವನಿಗೆ ಜಾಗವಿಲ್ಲ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ವಿಮಾನ ದುಬೈ ರನ್‌ವೇಯಲ್ಲಿ ಹೊಟ್ಟೆ ಉಜ್ಜಿ ನಿಂತು ಹೊಗೆ ತುಂಬಿದಾಗ ಜನ ಬ್ಯಾಗು ಎಳೆಯುತ್ತಿದ್ದುದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. 300 ಜನರೂ ಉಳಿದರು. ಕೆಲವೇ ನಿಮಿಷಗಳಲ್ಲಿ ವಿಮಾನ ಸಿಡಿದು ಅಗ್ನಿಶಾಮಕನೊಬ್ಬ ಪ್ರಾಣ ಕೊಟ್ಟ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಉರಿಯುವ ವಿಮಾನದಿಂದ 379 ಜನ ಹೊರಬಂದರು. ಧ್ವನಿವರ್ಧಕ ಕೆಟ್ಟಿತ್ತು, ಬಳಸಬಹುದಾದ ಬಾಗಿಲು ಎಂಟರಲ್ಲಿ ಮೂರೇ. ಸಿಬ್ಬಂದಿ ಕೂಗಿ ಹೇಳಿದರು, ಜನ ಬ್ಯಾಗಿನ ಆಸೆ ಬಿಟ್ಟು ಇಳಿದರು.

ನಮ್ಮಲ್ಲಿ 2017ರಿಂದ ವಿಮಾನದಲ್ಲಿ ಬಾಯಿ ಮಾಡಿದವರಿಗೆ 3 ತಿಂಗಳವರೆಗೆ, ಕೈ ಮಾಡಿದವರಿಗೆ 6 ತಿಂಗಳವರೆಗೆ, ಪ್ರಾಣಾಪಾಯ ತಂದವರಿಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾರಾಟ ನಿಷೇಧವಿದೆ. ಕಿವಿಗೊಡದವನಿಗೆ ಶಿಕ್ಷೆಯಿಲ್ಲ, ಇರಲೂ ಆಗದು. ಅದು ತಾರಿಯ ದೋಣಿಯಲ್ಲಿ ಹಿರಿಯರನ್ನು ನೋಡಿ ಮಕ್ಕಳು ಕಲಿಯುತ್ತಿದ್ದ ನಡತೆ. ನಾವದನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ನನ್ನ ಸಂಕಟ. ವಿಮಾನ ಕಂಪನಿಗಳ ಪಾಲೂ ಇದರಲ್ಲಿದೆ. ಮಂಗಳೂರಿಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ ಹಾರುವ ವಿಮಾನದಲ್ಲಿ ಜೀವ ಉಳಿಸುವ ಮಾತು ಕನ್ನಡದಲ್ಲಿ ಇರಲೇಬೇಕು. ತಾರಿಯವನು ನಮಗೆ ತಿಳಿಯುವ ಮಾತಿನಲ್ಲಿ ಹೇಳುತ್ತಿದ್ದ, ಆದ್ದರಿಂದಲೇ ಅದು ಮನಸ್ಸಿಗೆ ಇಳಿಯುತ್ತಿತ್ತು.

ಮೂರು ತಿಂಗಳ ಬಳಿಕ ಅತ್ತೆಯನ್ನು ಕರೆತರಲು ಮತ್ತೆ ನಾನೇ ಹೋಗಿದ್ದೆ. ಈ ಸಲ ಇಬ್ಬರೂ ಪ್ರಾತ್ಯಕ್ಷಿಕೆ ನೋಡಿದೆವು. ನಮ್ಮ ಹಿಂದಿನ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿದೆ, ನಾಲ್ಕು. ಬೆಳಗಿನ ಹೊತ್ತು ಬಜ್ಪೆಯ ಗುಡ್ಡ ಕಂಡಿತು, ಗಾಲಿ ನೆಲ ಮುಟ್ಟಿತು. ವಿಮಾನ ಇನ್ನೂ ಓಡುತ್ತಿರುವಾಗಲೇ ಬೆಲ್ಟು ಬಿಚ್ಚುವ ಸದ್ದು ಸಾಲಿನಿಂದ ಸಾಲಿಗೆ ಕೇಳತೊಡಗಿತು. ಜನ ಎದ್ದರು, ಕಪಾಟು ತೆರೆದರು, ಯಾರದೋ ಖರ್ಜೂರದ ಡಬ್ಬ ಯಾರದೋ ಹೆಗಲಿಗೆ ತಾಗಿತು. ಪಕ್ಕದ ಸೀಟಿನವರು ದಾಟಿಹೋಗಲು ಅವಸರಪಟ್ಟು, “ಅಮ್ಮಾ, ಬಂದಾಯ್ತಲ್ಲ, ಏಳಿ” ಎಂದರು.

ಅತ್ತೆ ಬೆಲ್ಟಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕಿಟಕಿಯ ಹೊರಗೆ ಇನ್ನೂ ಹಿಂದಕ್ಕೆ ಸರಿಯುತ್ತಿದ್ದ ಹುಲ್ಲನ್ನು ನೋಡುತ್ತ, “ದಡಕ್ಕೆ ತಾಗಲಿಲ್ಲವಲ್ಲ ಇನ್ನೂ” ಎಂದಳು.