ಮೀಲ್ ಮೇಕರ್: ಹಿಂಡುವುದರಲ್ಲೇ ರುಚಿ

ಅಂಗಡಿಯಲ್ಲಿ ಮೀಲ್ ಮೇಕರ್, ಸೋಯಾ ಚಂಕ್ಸ್ ಎಂದು ಸಿಗುವ ಈ ಹಗುರ ಉಂಡೆಗಳು ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಆದವು. ನೀರು ಬೆರೆಸಿದ ಹಿಟ್ಟನ್ನು ಯಂತ್ರದಲ್ಲಿ ಬಿಸಿ ಮಾಡಿ, ಭಾರಿ ಒತ್ತಡದಲ್ಲಿ ಸಣ್ಣ ರಂಧ್ರದಿಂದ ಹೊರತಳ್ಳುತ್ತಾರೆ. ಹೊರಬಂದೊಡನೆ ಒಳಗಿನ ನೀರು ಆವಿಯಾಗಿ ಹಿಟ್ಟು ಉಬ್ಬುತ್ತದೆ. ಸ್ಪಂಜಿನಂಥ ರಂಧ್ರಗಳೂ ಮಾಂಸದಂಥ ನಾರೂ ಮೂಡುತ್ತವೆ. 100 ಗ್ರಾಂ ಒಣ ಉಂಡೆಯಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇರುತ್ತದೆ. ನೆನೆದ ಮೇಲೆ ನೀರು ಸೇರಿ ತೂಕ ಹೆಚ್ಚುವುದರಿಂದ, ತಟ್ಟೆಯಲ್ಲಿರುವ 100 ಗ್ರಾಮಿಗೆ ಈ ಲೆಕ್ಕ ಹೊಂದದು.

ಇದಕ್ಕೆ ಸ್ವಂತ ರುಚಿ ಕಡಿಮೆ, ಹಸಿ ಕಾಳಿನ ವಾಸನೆ ಮಾತ್ರ ತುಸು ಇದ್ದೇ ಇರುತ್ತದೆ. ಉಪ್ಪು ಹಾಕಿದ ಕುದಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ತಣ್ಣೀರಿನಲ್ಲಿ ಎರಡು ಸಲ ತೊಳೆದು, ಪ್ರತಿ ಸಲವೂ ಗಟ್ಟಿಯಾಗಿ ಹಿಂಡಬೇಕು. ಹೆಚ್ಚಿನ ಅಡುಗೆ ಕೆಡುವುದು ಇಲ್ಲೇ: ಒಳಗೆ ನೀರು ಉಳಿದರೆ ಮಸಾಲೆಗೆ ಜಾಗವಿಲ್ಲ.

ಹಿಂಡಿದ ಉಂಡೆಗೆ ಮೊಸರು, ಅರಿಶಿನ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಸವರಿ ಅರ್ಧ ಗಂಟೆ ಇಟ್ಟು, ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದರೆ ಪಲಾವ್, ಕುರ್ಮಾ, ಬಿರಿಯಾನಿಗೆ ಸಿದ್ಧ. ಸಾರಿಗಾದರೆ ತೆಂಗಿನಕಾಯಿ, ಕೊತ್ತಂಬರಿ, ಚಕ್ಕೆ-ಲವಂಗ ರುಬ್ಬಿದ ಮಸಾಲೆಯಲ್ಲೇ ಕುದಿಯಲಿ. ಪುಡಿಯಂಥ ಸೋಯಾ ಗ್ರಾನ್ಯೂಲ್ಸ್ ಬೇಗ ನೆನೆಯುತ್ತವೆ. ಹುರಿಗಡಲೆ ಪುಡಿ ಸೇರಿಸಿ ಕಟ್ಟಿದರೆ ಕೈಮಾ ಉಂಡೆಯ ಸಸ್ಯಾಹಾರಿ ರೂಪ.