ತೊಡೆಯ ಮೇಲಿನ ನಕಾಶೆ

ಶಾಲೆಯ ಅಟ್ಲಾಸಿನಲ್ಲಿ ಮುಂಬೈ ಮೇಲೊಂದು, ಬಳ್ಳಾರಿ ಮೇಲೊಂದು ಚುಕ್ಕಿ ಇಟ್ಟು ಸ್ಕೇಲಿನಿಂದ ಗೆರೆ ಎಳೆಯಿರಿ. ಆ ಗೆರೆ ಬೀಳಗಿಯ ಉತ್ತರಕ್ಕೆ ಕೃಷ್ಣೆಯನ್ನು, ಬಾಗಲಕೋಟೆಯ ಮಗ್ಗುಲಲ್ಲಿ ಘಟಪ್ರಭೆಯನ್ನು, ಹುನಗುಂದದ ಹತ್ತಿರ ಮಲಪ್ರಭೆಯನ್ನು ದಾಟಿ, ಇಳಕಲ್ಲಿನ ನೆತ್ತಿ ಸವರಿಕೊಂಡು ಹೋಗುತ್ತದೆ. ಕಲಾದಗಿ ಬಲಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ಆಚೆ ಉಳಿಯುತ್ತದೆ. ವಿಮಾನದ ಕಿಟಕಿಗೆ ಅದೇನು ದೂರವಲ್ಲ.

ಇದು ನಾನು ಆಟಕ್ಕೆ ಎಳೆದ ಗೆರೆಯಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು, ಅಹಮದಾಬಾದಿನ ಮೂಲಕ ಹಾಯ್ದು, ಮುಂಬೈನ ಜುಹೂ ಬಯಲಿಗೆ ಬಂದಿಳಿದರು. ಅಲ್ಲಿಂದ ಮುಂದೆ ಆ ಚೀಲಗಳನ್ನು ಮದರಾಸಿಗೆ ಒಯ್ದವರು ಹಿಂದೆ ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್. ನಡುವಿನ ನಿಲುಗಡೆ ಬಳ್ಳಾರಿ. ಪಸ್ ಮಾತ್ ಎಂಬ ಆ ವಿಮಾನಕ್ಕೆ ಒಂದೇ ಎಂಜಿನ್, ರೇಡಿಯೊ ಇಲ್ಲ. ಜೆ.ಆರ್.ಡಿ. ಜೊತೆಗಿಟ್ಟುಕೊಂಡದ್ದು ಗಾಳಿಗನ್ನಡಕ ಮತ್ತು ಲೆಕ್ಕದ ಸ್ಲೈಡ್ ರೂಲು. ವಿನ್ಸೆಂಟ್ ನನ್ನ ಸ್ಕೇಲಿನ ಗೆರೆಯ ಮೇಲೆಯೇ ಹಾರಿದರೆಂದು ಪ್ರಮಾಣ ಮಾಡಲಾರೆ. ಗಾಳಿ ಯಾರನ್ನೂ ನೆಟ್ಟಗೆ ಹೋಗಗೊಡುವುದಿಲ್ಲ. ಆದರೆ ನಮ್ಮ ಬಾಗಲಕೋಟೆ ಜಿಲ್ಲೆಯ ನೆಲವನ್ನು ತಪ್ಪಿಸಿಕೊಂಡು ಬಳ್ಳಾರಿ ಸೇರುವುದು ಕಷ್ಟ.

ಮುಂಬೈಯಿಂದ ಬಳ್ಳಾರಿಗೆ ಆಕಾಶದಲ್ಲಿ ಸುಮಾರು ಆರು ನೂರು ಕಿಲೋಮೀಟರು. ಮೂತಿ ಬರೀ ಐದು ಡಿಗ್ರಿ ಓರೆಯಾದರೆ, ಹಾದಿ ಮುಗಿಯುವ ಹೊತ್ತಿಗೆ ಐವತ್ತು ಕಿಲೋಮೀಟರಿನಾಚೆ ಇರುತ್ತೀರಿ. ಕೆಳಗೆ ಬಳ್ಳಾರಿಯೇ ಇರುವುದಿಲ್ಲ. ದಿಕ್ಸೂಚಿ, ಗಡಿಯಾರ, ವೇಗದ ಮುಳ್ಳು ಈ ಮೂರರಿಂದ ಲೆಕ್ಕ ಹಾಕಿ, ನೆಲ ನೋಡಿ ತಿದ್ದಿಕೊಳ್ಳುವುದೇ ಅಂದಿನ ವಿದ್ಯೆ. ತಿದ್ದಿಕೊಳ್ಳಲು ಈ ಸೀಮೆಯಷ್ಟು ಒಳ್ಳೆಯ ಜಾಗ ಕಡಿಮೆ. ಮೂರು ಹೊಳೆಗಳು ಅಡ್ಡ ಮಲಗಿವೆ. ಗದಗದಿಂದ ಸೊಲ್ಲಾಪುರದ ಕಡೆ ಹೋಗುವ ರೈಲು ಹಳಿ ಬಾದಾಮಿ, ಬಾಗಲಕೋಟೆ ಮುಟ್ಟಿ ಕೃಷ್ಣೆ ದಾಟುತ್ತದೆ. ಎರೆಹೊಲಗಳ ಕಪ್ಪಿನ ನಡುವೆ ಬಾದಾಮಿಯ ಕೆಂಪು ಗುಡ್ಡದ ಸಾಲು ಎದ್ದು ಕಾಣುತ್ತದೆ. ಭೂವಿಜ್ಞಾನದವರ ಪುಸ್ತಕದಲ್ಲಿ ಆ ಕೆಂಪು ಬಂಡೆಯೂ ಕಲಾದಗಿ ಶಿಲಾಸಮೂಹಕ್ಕೇ ಸೇರಿದ್ದು; 1876ರಲ್ಲಿ ರಾಬರ್ಟ್ ಬ್ರೂಸ್ ಫುಟ್ ಈ ಸೀಮೆಯ ಕಲ್ಲುಗಳ ಬಗ್ಗೆ ಬರೆದ ಮೇಲೆ ನಿಂತ ಹೆಸರು. ಒಂದು ಕಾಲಕ್ಕೆ ಕಲಾದಗಿಗಿದ್ದ ಜಿಲ್ಲಾ ಕೇಂದ್ರದ ಪಟ್ಟ ವಿಜಾಪುರಕ್ಕೆ ಹೋಯಿತು, ರೈಲು ಬಾಗಲಕೋಟೆಗೆ ಹೋಯಿತು. ಕಲಾದಗಿಗೆ ಕಲ್ಲಿನ ಹೆಸರೂ ಚಿಕ್ಕು ತೋಟಗಳೂ ಉಳಿದವು.

ಕಾಗದದ ನಕಾಶೆಗೆ ಒಂದು ಊನ: ಅಚ್ಚಾದ ದಿನದಿಂದಲೇ ಹಳತಾಗುತ್ತದೆ. ಆಲಮಟ್ಟಿ ಅಣೆಕಟ್ಟೆಯ ನೀರು ನಿಂತ ಮೇಲೆ ಘಟಪ್ರಭೆಯ ದಂಡೆ ಎಲ್ಲಿಂದ ಎಲ್ಲಿಗೋ ಸರಿಯಿತು, ಹಳೆ ಬಾಗಲಕೋಟೆಯ ಓಣಿಗಳು ಮುಳುಗಿ ನವನಗರ ಎದ್ದಿತು. ಹಳೆಯ ಹಾಳೆ ಹಿಡಿದು ಬಂದ ಪೈಲಟ್‌ಗೆ ಸಪೂರ ಹೊಳೆ ಇರಬೇಕಾದಲ್ಲಿ ಸಮುದ್ರದಂಥದ್ದು ಕಾಣುತ್ತದೆ.

ನೆಲದ ರೇಡಿಯೊ ದಾರಿದೀಪಗಳ ಕಾಲವನ್ನು ಬೇಗ ದಾಟುತ್ತೇನೆ. ಅವು ಮುಖ್ಯವಾಗಿ ದೊಡ್ಡ ವಿಮಾನಗಳ ಹೆದ್ದಾರಿಗೆ ನೆಟ್ಟ ಕಂಬಗಳು. ಚಿಕ್ಕ ವಿಮಾನದ ಬದುಕು ಬದಲಾದದ್ದು ಜಿಪಿಎಸ್‌ನಿಂದ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ನುಗ್ಗಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದಾಗ 269 ಜನ ಸತ್ತರು. ಆಗಲೇ ಅಮೆರಿಕ ತನ್ನ ಮಿಲಿಟರಿ ಉಪಗ್ರಹಗಳ ಸಂಕೇತವನ್ನು ನಾಗರಿಕರಿಗೂ ಕೊಡುವುದಾಗಿ ಹೇಳಿತು. ಕೊಟ್ಟರೂ ಬೇಕೆಂದೇ ಮಸುಕು ಮಾಡಿ ಕೊಟ್ಟಿತು. 2000ದ ಮೇ ತಿಂಗಳಲ್ಲಿ ಆ ಮಸುಕು ತೆಗೆದ ಮೇಲೆ ನೂರು ಮೀಟರಿನ ಅಂದಾಜು ಇಪ್ಪತ್ತು ಮೀಟರಿನೊಳಗೆ ಬಂತು.

ಇಷ್ಟಾದರೂ ಚಿಕ್ಕ ವಿಮಾನದವರಿಗೆ ತೊಡಕಿತ್ತು. ವಿಮಾನಕ್ಕೆ ಸ್ಕ್ರೂ ಹಾಕಿ ಕೂರಿಸುವ ಪ್ರತಿ ವಸ್ತುವಿಗೂ ಮಂಜೂರಿ ಬೇಕು, ಕಾಗದ ಬೇಕು, ಪರವಾನಗಿ ಇರುವ ಕೈಯೇ ಸ್ಕ್ರೂ ತಿರುಗಿಸಬೇಕು. ಹೀಗಾಗಿ ನಲವತ್ತು ವರ್ಷದ ಹಳೆಯ ಸೆಸ್ನಾಗೆ ಹೊಸ ಪರದೆ ಕೂರಿಸಹೋದರೆ ವಿಮಾನದ ಅರ್ಧ ಬೆಲೆ ಅದಕ್ಕೇ ಹೋದೀತು. ಆದರೆ ಪೈಲಟ್ ತೊಡೆಯ ಮೇಲೆ ಏನಿಟ್ಟುಕೊಂಡ ಎಂದು ಕೇಳುವವರು ಕಡಿಮೆ. ಅಲ್ಲಿ ಮೊದಲಿನಿಂದಲೂ ಒಂದು ಹಲಗೆ ಕಟ್ಟಿಕೊಂಡು ನಕಾಶೆ ಸಿಕ್ಕಿಸುವ ರೂಢಿ ಇತ್ತು. 2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಬಂದಾಗ ಅದು ಆ ಹಲಗೆಯ ಅಳತೆಗೆ ಹೆಚ್ಚುಕಡಿಮೆ ಸರಿಹೊಂದಿತು. ಇಡೀ ಕತೆಯ ಕೀಲಿ ಇಲ್ಲಿದೆ ಅನ್ನಿಸುತ್ತದೆ ನನಗೆ: ವಿಮಾನ ಕಟ್ಟುವವರು ಕೊಡದೆ ಹೋದದ್ದನ್ನು ಹಾರಿಸುವವರು ಮನೆಯಿಂದಲೇ ತಂದುಕೊಂಡರು. ಮುಂಬಾಗಿಲಿಗೆ ಬೀಗ ಇತ್ತು, ಹಿತ್ತಲ ಬಾಗಿಲು ತೆರೆದೇ ಇತ್ತು.

ಅಮೆರಿಕದಲ್ಲಿ ಫೋರ್‌ಫ್ಲೈಟ್ ಎಂಬ ಕಂಪನಿ 2007ರಲ್ಲೇ ಫೋನಿಗೆಂದು ಶುರುವಾಗಿತ್ತು. ದೊಡ್ಡ ಪರದೆ ಸಿಕ್ಕೊಡನೆ ಅದರ ಆ್ಯಪ್ ಮನೆಮಾತಾಯಿತು. ಬ್ರಿಟನ್ನಿನವರು ಸ್ಕೈಡೆಮನ್ ಹಿಡಿದರು. ನಕಾಶೆಯ ಮೇಲೆ ಪುಟ್ಟ ವಿಮಾನದ ಗುರುತು ತೆವಳುತ್ತದೆ, ಹವಾಮಾನ ಬಣ್ಣವಾಗಿ ಹರಡುತ್ತದೆ, 28 ದಿನಕ್ಕೊಮ್ಮೆ ವಿಮಾನಮಾರ್ಗದ ಮಾಹಿತಿ ಹೊಸದಾಗುತ್ತದೆ. ದೊಡ್ಡವರೂ ಹಿಂಬಾಲಿಸಿದರು: 2011ರಲ್ಲಿ ಅಲಾಸ್ಕಾ ಏರ್‌ಲೈನ್ಸ್ ತನ್ನ ಪೈಲಟ್‌ಗಳ ಹನ್ನೊಂದು ಕಿಲೋ ತೂಕದ ಪುಸ್ತಕಗಳ ಬದಲು ಐಪ್ಯಾಡ್ ಕೊಟ್ಟಿತು.

ಇನ್ನು ಎರಡನೆಯ ಆಸೆ. ದಾರಿ ತೋರಿಸುವ ಹಲಗೆ, ವಿಮಾನ ನೆಟ್ಟಗಿದೆಯೋ ವಾಲಿದೆಯೋ ಎಂಬುದನ್ನೂ ಹೇಳಬಾರದೇಕೆ? ಹಳೆಯ ವಿಮಾನದಲ್ಲಿ ಅದನ್ನು ಹೇಳುವುದು ಬುಗುರಿಯಂತೆ ತಿರುಗುವ ಗೈರೊ. ಅದನ್ನು ತಿರುಗಿಸುವುದು ಗಾಳಿ ಎಳೆಯುವ ಪಂಪು. ಪಂಪು ಕೆಟ್ಟರೆ ಗೈರೊ ಒಮ್ಮೆಲೇ ನಿಲ್ಲುವುದಿಲ್ಲ. ಬುಗುರಿ ಸುಸ್ತಾದಂತೆ ಮೆಲ್ಲಗೆ ವಾಲುತ್ತ, ಸುಳ್ಳು ಹೇಳುತ್ತ ಹೋಗುತ್ತದೆ. ಮೋಡದೊಳಗಿದ್ದವರಿಗೆ ಅದು ಜೀವದ ಪ್ರಶ್ನೆ.

ಫೋನಿನಲ್ಲಿ ಮಟ್ಟ ನೋಡುವ ಆ್ಯಪ್ ಇದೆಯಲ್ಲ, ಗೌಂಡಿಯ ರಸಮಟ್ಟದಂಥದ್ದು, ಅದೇ ಸಾಲದೇ ಎಂದರೆ ಸಾಲದು. ಕಾರಣ ತಿಳಿಯಲು ತಂಬಿಗೆಯಲ್ಲಿ ನೀರು ತುಂಬಿ, ಕೊರಳಿಗೆ ಹಗ್ಗ ಬಿಗಿದು ಗರಗರ ತಿರುಗಿಸಿ. ತಂಬಿಗೆ ಅಡ್ಡ ಮಲಗಿದರೂ ನೀರು ಚೆಲ್ಲದು. ನೀರಿನ ಪಾಲಿಗೆ ತಂಬಿಗೆಯ ತಳವೇ ಕೆಳಗು. ಸರಿಯಾಗಿ ತಿರುವು ತೆಗೆದುಕೊಳ್ಳುವ ವಿಮಾನವೂ ಇಂಥ ತಂಬಿಗೆ. ಒಂದು ರೆಕ್ಕೆ ಎಷ್ಟೇ ತಗ್ಗಿದ್ದರೂ ಲೋಟದ ಚಹಾ ಓರೆಯಾಗದು, ರಸಮಟ್ಟ ಎಲ್ಲ ಸಮ ಅನ್ನುತ್ತದೆ, ನಮ್ಮ ಕಿವಿಯೊಳಗಿನ ತೂಕದ ಅರಿವೂ ಹೌದು ಹೌದು ಅನ್ನುತ್ತದೆ. ಆದ್ದರಿಂದ ತಿರುಗಾಟವನ್ನೇ ಅಳೆಯುವ ಚಿಪ್ ರೂಪದ ಗೈರೊ ಬೇಕು, ಅದು ಜಾರದಂತೆ ಉಪಗ್ರಹದ ವೇಗದ ಲೆಕ್ಕವೂ ಸೇರಬೇಕು. ಇವನ್ನೆಲ್ಲ ಅಂಗೈಯಗಲದ ಡಬ್ಬಿಯಲ್ಲಿಟ್ಟು, ಗಾಜಿನ ಬಳಿ ಅಂಟಿಸಿ, ತಂತಿಯಿಲ್ಲದೆ ಟ್ಯಾಬ್‌ಗೆ ಕಳಿಸುವ ಸಾಧನಗಳು ಐಪ್ಯಾಡ್ ಬಂದ ಎರಡು-ಮೂರು ವರ್ಷಗಳಲ್ಲಿ ಪೇಟೆಗೆ ಬಂದವು. ಮಂಜೂರಾದ ಉಪಕರಣದ ಜಾಗಕ್ಕೆ ಅವು ಬರಲಾರವು; ಮನೆಯಲ್ಲಿ ಕರೆಂಟು ಹೋದಾಗಿನ ಚಿಮಣಿ ಇದ್ದಂತೆ.

ಕರ್ನಾಟಕದ್ದೂ ಇದರಲ್ಲಿ ಪಾಲಿದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ ಎರಡು ಸೀಟಿನ ಹಂಸ 1993ರಲ್ಲಿ ಹಾರಿದಾಗ ಅದರ ತುಂಬ ಗಡಿಯಾರದಂಥ ದುಂಡು ಮಾಪಕಗಳು. 2021ರ ಸೆಪ್ಟೆಂಬರ್‌ನಲ್ಲಿ ಹಾರಿದ ಹೊಸ ಹಂಸದಲ್ಲಿ ಅವುಗಳ ಜಾಗಕ್ಕೆ ಡಿಜಿಟಲ್ ಪರದೆ. ತೊಡೆಯ ಮೇಲಿನ ಹಲಗೆ ಕಲಿಸಿದ ರುಚಿ ಈಗ ಸ್ಕ್ರೂ ಹಾಕಿಸಿಕೊಂಡು ಕುಳಿತಿದೆ. ಜಿಪಿಎಸ್ಸಿನ ತಪ್ಪನ್ನು ತಿದ್ದಿ ವಿಮಾನಗಳಿಗೆ ಹೇಳುವ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದ ಗಗನ್ ವ್ಯವಸ್ಥೆಯ ಕೇಂದ್ರವೂ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ.

ಬೆಳಗಾವಿಯ ಸಾಂಬ್ರಾದಲ್ಲೂ ಕಲಬುರಗಿಯಲ್ಲೂ ಈಗ ಹಾರಾಟದ ಶಾಲೆಗಳಿವೆ. ಅಟ್ಲಾಸನ್ನು ಮತ್ತೆ ತೆಗೆದು ಅವೆರಡನ್ನೂ ಕೂಡಿಸಿ. ಈ ಗೆರೆ 1932ರ ಗೆರೆಯನ್ನು ಬೀಳಗಿಯ ಉತ್ತರಕ್ಕೆ, ಕೃಷ್ಣೆಯ ಆಸುಪಾಸಿನಲ್ಲೇ ಕತ್ತರಿಸುತ್ತದೆ. ನಕಾಶೆ ನೋಡುತ್ತ ಕುಳಿತ ನನಗೇ ಅಚ್ಚರಿಯಾಯಿತು.

2023ರ ಮೇ 30ರಂದು ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ಹತ್ತಿರದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿಕೊಂಡರು. ಎಂಜಿನ್ ನಿಂತರೆ ಎಲ್ಲಿಯವರೆಗೆ ತೇಲಬಹುದು ಎಂದು ಈಗಿನ ಆ್ಯಪ್‌ಗಳು ಪರದೆಯ ಮೇಲೆ ಉಂಗುರ ಬರೆದು ತೋರಿಸುತ್ತವೆ. ಆದರೆ ಆ ಉಂಗುರದೊಳಗಿನದು ಚಿಕ್ಕು ತೋಟವೋ, ಜೋಳ ಕೊಯ್ದ ಹೊಲವೋ, ಮಳೆಗೆ ನೆನೆದ ಎರಿಯೋ ಎಂಬುದು ಪರದೆಗೆ ಗೊತ್ತಿಲ್ಲ. ಮೂರರಲ್ಲಿ ಇಳಿಯಲು ಬರುವುದು ಒಂದೇ.

ಮತ್ತೆ ನಮ್ಮ ಬಿಸಿಲು. ಐಪ್ಯಾಡನ್ನು ಮಾಡಿದವರೇ ಹೇಳುವ ಪ್ರಕಾರ ಅದನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ ಬಳಸಬೇಕು. ಬಾಗಲಕೋಟೆ ಕಡೆಯ ಏಪ್ರಿಲ್ ಅದನ್ನು ಹನ್ನೊಂದು ಗಂಟೆಗೇ ದಾಟಿರುತ್ತದೆ. ಗಾಜಿನ ಕೆಳಗೆ ತೊಡೆಯ ಮೇಲಿಟ್ಟ ಟ್ಯಾಬಿನ ಪಾಡೇನು ಹೇಳುವುದು. ಪರದೆ ಕಪ್ಪಾಗಿ ಒಂದು ಥರ್ಮಾಮೀಟರಿನ ಚಿತ್ರ ಮೂಡುತ್ತದೆ, ತಣ್ಣಗಾಗಲಿ ಎನ್ನುತ್ತದೆ. ಹುಷಾರಿರುವ ಪೈಲಟ್ ಅದರ ಕೆಳಗೆ ಒಂದು ಕಾಗದದ ನಕಾಶೆ, ಸೀಸದ ಕಡ್ಡಿ ಇಟ್ಟುಕೊಂಡಿರುತ್ತಾನೆ. ತಲೆಯೆತ್ತಿ ದಿಕ್ಸೂಚಿ ನೋಡಿ, ಬಗ್ಗಿ ಕೃಷ್ಣೆಯ ತಿರುವು ಗುರುತಿಸಿ, ಗೆರೆಯ ಪಕ್ಕ ದಾಟಿದ ಗಂಟೆ, ನಿಮಿಷ ಬರೆದುಕೊಳ್ಳುತ್ತಾನೆ.